ಮೊದಲು ಬ್ರೇಕು, ಆಮೇಲೆ ಬಣ್ಣ

ಹಳೇ ಕಾರನ್ನು ಮತ್ತೆ ರಸ್ತೆಗೆ ತರಲು ಹೊರಟವರು ಮೊದಲು ಬಣ್ಣ ಹೊಡೆಸುತ್ತಾರೆ. ಆಮೇಲೆ ಎಂಜಿನ್ ಬಿಚ್ಚಿಸುತ್ತಾರೆ, ಸೀಟಿಗೆ ಹೊಸ ರೆಕ್ಸಿನ್ ಹೊಲಿಸುತ್ತಾರೆ. ಬ್ರೇಕಿನ ಸರದಿ ಬರುವಷ್ಟರಲ್ಲಿ ದುಡ್ಡೂ ತಾಳ್ಮೆಯೂ ಮುಗಿದಿರುತ್ತವೆ. ಈ ಕ್ರಮ ತಲೆಕೆಳಗಾಗಲೇಬೇಕು. ನಮ್ಮ ಹಲಬರ್ಗಾದಂಥ ಊರಲ್ಲಂತೂ ಇದರಲ್ಲಿ ರಾಜಿಯೇ ಇಲ್ಲ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಹುಣಜಿಯ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಭಾಲ್ಕಿ ಕಡೆಯ ರಸ್ತೆಗಳಿಗೆ ಬೀಳುತ್ತವೆ. ಹಿಂದೆ ಒಂದು ದೀಪವೂ ಇಲ್ಲದ ಟ್ರಾಲಿ ಕತ್ತಲಲ್ಲಿ ಥಟ್ಟನೆ ಕಣ್ಣಿಗೆ ಬಿದ್ದಾಗ ಬಣ್ಣದ ಹೊಳಪು ಯಾರ ಜೀವವನ್ನೂ ಉಳಿಸುವುದಿಲ್ಲ.

ನಮ್ಮ ಕಾಕಾ ಅವರದು ಅಂಬಾಸಿಡರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರೇ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಗಿ ತಯಾರಾಯಿತು. 2014ರಲ್ಲಿ ಆ ಕಾರ್ಖಾನೆ ಕೆಲಸ ನಿಲ್ಲಿಸಿತು. ಅಷ್ಟು ವರ್ಷಗಳಲ್ಲಿ ಹೊರಗಿನ ಆಕಾರ ಅಷ್ಟಾಗಿ ಬದಲಾಗದಿದ್ದರೂ ಒಳಗಿನ ಸಾಮಾನು ಬದಲಾಗುತ್ತಲೇ ಬಂತು. ಕೊನೆಕೊನೆಯ ಕೆಲವು ಗಾಡಿಗಳಿಗೆ ಮುಂದೆ ಡಿಸ್ಕ್ ಬ್ರೇಕೂ ಬಂತು. ಹಾಗಾಗಿ ಅಂಗಡಿಯಲ್ಲಿ "ಅಂಬಾಸಿಡರ್ ವೀಲ್ ಸಿಲಿಂಡರ್ ಕೊಡ್ರಿ" ಅಂದರೆ ಸಾಲದು. ಹಳೆಯದನ್ನು ಬಿಚ್ಚಿ, ಒರೆಸಿ, ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಒಳಗಿನ ರಂಧ್ರದ ಅಳತೆಯನ್ನು ವರ್ನಿಯರ್ ಹಿಡಿದು ನೋಡಬೇಕು. ಒಂದು ನೂಲಿನಷ್ಟು ಹೆಚ್ಚುಕಡಿಮೆಯಾದರೂ ರಬ್ಬರ್ ವಾಷರ್ ಸರಿಯಾಗಿ ಕೂಡುವುದಿಲ್ಲ, ಎಣ್ಣೆ ಸೋರುತ್ತದೆ.

ಬೀದರಿನ ಅಂಗಡಿಗಳಲ್ಲಿ ಸಿಗದಿದ್ದರೆ ನಮ್ಮ ಕಡೆಯವರು ಬೆಂಗಳೂರಿನ ಜೆ.ಸಿ. ರಸ್ತೆಯ ದಾರಿ ಹಿಡಿಯುವುದಿಲ್ಲ. ಅದು ಸುಮಾರು 700 ಕಿ.ಮೀ. ದೂರ. ಹೈದರಾಬಾದು ಸುಮಾರು 140. ಅಲ್ಲಿ ರಾಣಿಗಂಜಿನ ಹಳೇ ಅಂಗಡಿಗಳಲ್ಲಿ ಕೂತವರು ಗಾಡಿಯ ಇಸವಿ ಕೇಳುವ ಮೊದಲು ಸಾಮಾನು ಕೈಗೆ ತಗೊಂಡು ತಿರುಗಿಸಿ ನೋಡುತ್ತಾರೆ. ಆ ನೋಟದ ಮೇಲೆ ನನಗೆ ಬಹಳ ಗೌರವ.

ಹೊಸ ಡ್ರಮ್ ಸಿಗುವುದು ಕಷ್ಟ. ಆದರೆ ಹಳೇ ಡ್ರಮ್ಮನ್ನು ಲೇತಿಗೆ ಕೊಟ್ಟು ಒಳಮೈ ತೆಗೆಸಬಹುದು. ಎಡಕ್ಕೆ ತೆಗೆಸಿದಷ್ಟೇ ಬಲಕ್ಕೂ ತೆಗೆಸಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ತೀರ ತೆಳ್ಳಗಾದ ಡ್ರಮ್ ಬಿಸಿಗೆ ಬಿರುಕು ಬಿಡುತ್ತದೆ, ಅದನ್ನು ಗುಜರಿಗೆ ಹಾಕುವುದೇ ಸರಿ. ಶೂಗಳಿಗೆ ಹೊಸ ಲೈನರ್ ಹೊಡೆಸಿದ ಮೇಲೆ ಅದರ ಬಾಗು ಡ್ರಮ್ಮಿನ ಬಾಗಿಗೆ ಕೂಡುತ್ತದೋ ಇಲ್ಲವೋ ನೋಡಬೇಕು. ಲೈನರ್ ಮೇಲೆ ಸೀಮೆಸುಣ್ಣ ಎಳೆದು ಡ್ರಮ್ಮಿನೊಳಗೆ ಆಡಿಸಿದರೆ ಎಲ್ಲಿ ಉಜ್ಜುತ್ತದೆ ಎಂಬುದು ಕಾಣುತ್ತದೆ. ನಡುವೆ ಮಾತ್ರ ಉಜ್ಜಿದರೆ ತಿಕ್ಕಿ ಸಮ ಮಾಡಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ಹಳೇ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಗ್ಯಾರೇಜಿನ ಹುಡುಗರು ಡ್ರಮ್ ತೆಗೆದ ಕೂಡಲೇ ಗಾಳಿಯ ಪೈಪು ಹಿಡಿದು ಧೂಳು ಊದಿಬಿಡುತ್ತಾರೆ. ಕಲ್ನಾರಿನ ಧೂಳು ಪುಪ್ಪುಸಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು, ಅದೂ ಹತ್ತಾರು ವರ್ಷಗಳ ನಂತರ. ಒದ್ದೆ ಬಟ್ಟೆಯಿಂದ ಒರೆಸಿ. ಆ ಹುಡುಗರಿಗೆ ಇದನ್ನು ಹೇಳುವುದು ಕಾರಿನ ಯಜಮಾನನ ಕೆಲಸ.

ಈ ಬ್ರೇಕಿನ ಚೆಲುವು ಇರುವುದು ಮುಂದಿನ ಚಕ್ರಗಳಲ್ಲಿ. ಒಂದೊಂದು ಶೂಗೂ ಅದರದ್ದೇ ಸಿಲಿಂಡರ್, ಅದರದ್ದೇ ಅಡ್ಜಸ್ಟರ್. ಕಾರು ಮುಂದಕ್ಕೆ ಹೋಗುವಾಗ ತಿರುಗುವ ಡ್ರಮ್ಮೇ ಎರಡೂ ಶೂಗಳನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ. ಕಾಲು ಒತ್ತಿದ್ದಕ್ಕಿಂತ ಹಿಡಿತ ಬಿಗಿ. ರಿವರ್ಸಿನಲ್ಲಿ ಅದೇ ಡ್ರಮ್ ಶೂಗಳನ್ನು ತನ್ನಿಂದ ದೂರ ತಳ್ಳುವುದರಿಂದ ಹಿಡಿತ ಸಡಿಲ. ಅದಕ್ಕೇ ಹಿಂದಿನ ಚಕ್ರಗಳಲ್ಲಿ ಒಂದು ಶೂ ಮುನ್ನಡೆಗೆ, ಇನ್ನೊಂದು ಹಿನ್ನಡೆಗೆ ಎಂಬ ಏರ್ಪಾಡು. ಬೀದರಿನ ದಿಬ್ಬ ಹತ್ತುವಾಗ ಕಾರು ಹಿಂದಕ್ಕೆ ಜಾರಿದರೆ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಅಡ್ಜಸ್ಟ್ ಮಾಡುವುದನ್ನು ನಾನು ಕಲಿತದ್ದು ವಯಸ್ಸಾದ ಒಬ್ಬ ಮಿಸ್ತ್ರಿಯಿಂದ. ಜಾಕ್ ಕೊಟ್ಟು, ಚಕ್ರ ಪೂರ್ತಿ ಜಾಮ್ ಆಗುವ ತನಕ ಅಡ್ಜಸ್ಟರ್ ತಿರುಗಿಸಬೇಕು. ಪೆಡಲನ್ನು ಒಮ್ಮೆ ಒತ್ತಿ ಬಿಟ್ಟರೆ ಶೂ ತನ್ನ ಜಾಗದಲ್ಲಿ ಕೂಡುತ್ತದೆ. ಆಮೇಲೆ ಚಕ್ರ ಆಡುವಷ್ಟು ಮಾತ್ರ ಹಿಂದಕ್ಕೆ ಬಿಡಬೇಕು. ಅವರು ಕಾಕಾಗೆ ಹೇಳುತ್ತಿದ್ದರು: "ಗಡಿಬಿಡಿ ಮಾಡಬ್ಯಾಡ್ರಿ ಕಾಕಾ. ಚಕ್ರ ಮುಂದಕ್ಕೇ ತಿರುಗಸ್ರಿ, ಕಿವಿ ಕೊಡ್ರಿ. ಸುತ್ತ ಒಂದೇ ಸಮ ಸಪ್ಪಳ ಬಂದ್ರ ಲೈನರ್ ಕುಂತದ. ಒಂದೇ ಕಡಿ ಸರ್ ಅಂದ್ರ ಡ್ರಮ್ ಸೊಟ್ಟ ಅದ." ಈ ಸಪ್ಪಳದ ಪಾಠ ಯಾವ ಕೈಪಿಡಿಯಲ್ಲೂ ಅಷ್ಟು ಚೆನ್ನಾಗಿ ಸಿಗಲಾರದು.

ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಒಳಗೆ ತುಕ್ಕು ಹಿಡಿಸುತ್ತದೆ. ಎಷ್ಟೋ ವರ್ಷ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಎಣ್ಣೆಯನ್ನು ಪೂರ್ತಿ ಬದಲಿಸಲೇಬೇಕು. ಎಂಜಿನ್ ಆಯಿಲ್ ಒಂದು ತೊಟ್ಟು ಬಿದ್ದರೂ ರಬ್ಬರ್ ಉಬ್ಬಿ ಹಾಳಾಗುತ್ತದೆ. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ ಶುರುಮಾಡುವುದು ರೂಢಿ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು ನಿಯಮ ತಂದಿತು. ನಂಬರಿನಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಒಳ್ಳೆಯ ಕೆಲಸ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೆರವಣಿಗೆಗೆ ಮಾತ್ರ ಹೊರಬರುವ ಕಾರಿಗೂ ಜನಜಂಗುಳಿಯ ನಡುವೆ ನಿಲ್ಲಲು ಬರಬೇಕು.

ಹೊಸ ಲೈನರ್ ಹಾಕಿದ ಮೇಲೆ ಮೊದಲ ದಿನಗಳಲ್ಲಿ ಜೋರಾಗಿ ಓಡಿಸಬೇಡಿ. ಭಾಲ್ಕಿಗೆ ಹೋಗಿಬಂದ ಕೂಡಲೇ ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ತನ್ನ ಜೋಡಿಗಿಂತ ಹೆಚ್ಚು ಕಾದಿದ್ದರೆ ಅಲ್ಲಿ ಶೂ ಉಜ್ಜುತ್ತಿದೆ. ಆರಿದ ಮೇಲೆ ಮತ್ತೆ ಜಾಕ್ ಹಾಕಿ.