ಕಾಕಾನ ಮೈಕ್ ಸೆಟ್ಟು, ನನ್ನ ಗಿಟಾರು

ನಮ್ಮ ಹುನಗುಂದ, ಇಳಕಲ್ಲ ಸೀಮೆಯ ಹಳ್ಳಿಗಳಲ್ಲಿ ‘ಆಂಪ್ಲಿಫೈಯರ್’ ಎಂಬ ಶಬ್ದ ಯಾರ ಬಾಯಲ್ಲೂ ಬರುವುದಿಲ್ಲ. ಮೈಕು, ಡಬ್ಬಿ, ಹಾರ್ನು, ವೈರಿನ ಸುರುಳಿ ಎಲ್ಲ ಸೇರಿ ಒಂದೇ ಹೆಸರು: ಮೈಕ್ ಸೆಟ್ಟು. ಅದನ್ನು ಇಟ್ಟುಕೊಂಡವನಿಗೆ ಸ್ವಂತ ಹೆಸರು ಇದ್ದರೂ ಇಲ್ಲದಂತೆಯೇ. ಅವನು ಮೈಕ್‌ಸೆಟ್ಟಿನವ. ಮರೋಳದಲ್ಲಿ ಆ ಹೆಸರು ನನ್ನ ಕಾಕಾನದಾಗಿತ್ತು. ಮದುವೆ, ಸೀಮಂತ, ಜಾತ್ರೆ, ಇಲೆಕ್ಷನ್ನು, ರಾತ್ರಿಯಿಡೀ ನಡೆಯುವ ಸಣ್ಣಾಟ, ಶ್ರಾವಣದ ಭಜನೆ ಎಲ್ಲಕ್ಕೂ ಅವನೇ ಬೇಕು.

ಬೆಂಗಳೂರಿಗೆ ಬಂದು ಗಿಟಾರು ನುಡಿಸುವವರ ಸಂಗ ಸೇರಿದ ಮೇಲೆ ನಾನು ಕೇಳಿದ್ದು ಬೇರೆಯದೇ ಭಾಷೆ. ಅಲ್ಲಿ ಹಳೆಯ ವಾಲ್ವ್ ಆಂಪ್ ಇರುವವನೆಂದರೆ ಊರಲ್ಲಿ ಜೋಡಿ ಬಿಳಿ ಎತ್ತು ಕಟ್ಟಿದವನ ಹಾಗೆ. ಹತ್ತು ಜನ ಬಂದು ನೋಡುತ್ತಾರೆ, ಹೊಗಳುತ್ತಾರೆ, ಹೊಟ್ಟೆಕಿಚ್ಚು ಪಡುತ್ತಾರೆ. ಅವರ ಮಾತುಗಳನ್ನು ಕೇಳುತ್ತ ಕೇಳುತ್ತ ನನಗೆ ಊರಿನ ಅಟ್ಟದ ಮೇಲೆ, ಜೋಳದ ಚೀಲಗಳ ಹಿಂದೆ ಇರುವ ಕಬ್ಬಿಣದ ಡಬ್ಬಿ ನೆನಪಾಗತೊಡಗಿತು.

ವಾಲ್ವ್ ಎಂದರೇನು ಎಂದು ಇಂದಿನ ಓದುಗರಿಗೆ ಸ್ವಲ್ಪ ಹೇಳಬೇಕು. ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಒಂದು ತಂತಿ ಕಾದು ಕೆಂಪಾಗುತ್ತದೆ. ಆ ಬಿಸಿಗೆ ಹೊರಟ ಎಲೆಕ್ಟ್ರಾನುಗಳು ಎದುರಿನ ತಗಡಿನ ಕಡೆಗೆ ಹರಿಯುತ್ತವೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮಾಡಿದ್ದು ಇಷ್ಟನ್ನೇ. ಎರಡು ವರ್ಷದ ಮೇಲೆ ಅಮೆರಿಕದ ಲೀ ಡಿ ಫಾರೆಸ್ಟ್ ಈ ಎರಡರ ನಡುವೆ ಒಂದು ಜಾಲರಿ ಇಟ್ಟ. ಕಾಲುವೆಯ ತೂಬಿನ ಬಾಗಿಲು ನೆನಪಿಸಿಕೊಳ್ಳಿ. ಬಾಗಿಲು ಎತ್ತಿ ಇಳಿಸಲು ಒಬ್ಬನ ಕೈಬಲ ಸಾಕು, ಅದರ ಹಿಂದೆ ಹರಿಯುವ ನೀರು ಮಾತ್ರ ಹೊಲಗಟ್ಟಲೆ. ಜಾಲರಿಯ ಮೇಲೆ ಬಿದ್ದ ಸಣ್ಣ ದನಿ ಹಾಗೆಯೇ ದೊಡ್ಡ ಪ್ರವಾಹವನ್ನು ತನ್ನಂತೆ ಕುಣಿಸುತ್ತದೆ. ಮೈಕಿನ ಮುಂದಿನ ಪಿಸುಮಾತು ಊರ ಅಗಸಿಯವರೆಗೂ ಕೇಳುವುದು ಹೀಗೆ.

ಗಿಟಾರಿನವರಿಗೆ ಇದರ ಮೇಲೆ ಮೋಹ ಹುಟ್ಟಿದ್ದು ಇದರ ಒಂದು ದೋಷದಿಂದ. ತಾಳುವುದಕ್ಕಿಂತ ಹೆಚ್ಚು ದನಿ ಕೊಟ್ಟರೆ ಟ್ರಾನ್ಸಿಸ್ಟರ್ ಸೆಟ್ಟು ಆ ದನಿಯ ನೆತ್ತಿಯನ್ನು ಕುಡುಗೋಲಿನಿಂದ ಕೊಯ್ದ ಹಾಗೆ ಕತ್ತರಿಸುತ್ತದೆ. ವಾಲ್ವು ಅದನ್ನು ನಿಧಾನಕ್ಕೆ ಒತ್ತಿ ದುಂಡಗೆ ಮಾಡುತ್ತದೆ. ಮೆತ್ತಗೆ ಮೀಟಿದರೆ ತಿಳಿ ದನಿ, ಜೋರಾಗಿ ಮೀಟಿದರೆ ಗಂಟಲು ಕಟ್ಟಿದ ಹಾಡುಗಾರನ ದನಿ. ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಎಂಬ ಆಂಪನ್ನು ಮಾದರಿಯಾಗಿಟ್ಟುಕೊಂಡು 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ವಾದ್ಯದಂಗಡಿಯಲ್ಲಿ ತಯಾರಾದದ್ದೇ ಮೊದಲ ಮಾರ್ಷಲ್ ಆಂಪು. ರಾಕ್ ಸಂಗೀತದ ದನಿ ಎಂದು ಜಗತ್ತು ಯಾವುದನ್ನು ಕರೆಯುತ್ತದೋ ಅದರ ದೊಡ್ಡ ಪಾಲು ಬಂದಿದ್ದು ಇಂಥ ಡಬ್ಬಿಗಳಿಂದ.

ಇನ್ನೊಂದು ಸಂಗತಿ ಇದೆ. ಗಿಟಾರಿನ ಹಳೆಯ ಆಂಪಿಗೂ ಭಾಷಣದ ಹಳೆಯ ಮೈಕ್ ಸೆಟ್ಟಿಗೂ ಒಳಗೆ ಅಷ್ಟೇನೂ ವ್ಯತ್ಯಾಸವಿಲ್ಲ. ಮೊದಲಿಗೆ ದನಿ ಹಿಗ್ಗಿಸಲು ಇಸಿಸಿ83 ಎಂಬ ಸಣ್ಣ ವಾಲ್ವು, ಕೊನೆಗೆ ಬಲ ಕೊಡಲು ಇಎಲ್34 ಎಂಬ ಜೋಡಿ ದೊಡ್ಡ ವಾಲ್ವು, ಮೂಲೆಯಲ್ಲಿ ಭಾರದ ಟ್ರಾನ್ಸ್‌ಫಾರ್ಮರು. ಕಾಕಾನ ಡಬ್ಬಿಯಲ್ಲಿ ಇದ್ದದ್ದೂ ಇವೇ. ಮುಂದಿನ ಹೆಸರಿನ ಪಟ್ಟಿ ಯಾವತ್ತೋ ಉದುರಿಹೋಗಿದೆ. ಒಳಗಿನ ಒಂದು ಸಣ್ಣ ವಾಲ್ವಿನ ಗಾಜಿನ ಮೇಲೆ ಮಾತ್ರ ‘ಬಿಇಎಲ್’ ಎಂಬ ಅಕ್ಷರ ಇನ್ನೂ ಉಳಿದಿದೆ. 1954ರಲ್ಲಿ ಶುರುವಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲಕ್ಕೆ ದೇಶದ ರೇಡಿಯೋಗಳಿಗೆ ವಾಲ್ವು ಮಾಡಿಕೊಡುತ್ತಿತ್ತು. ನಾನು ಮೆಟ್ರೋದಲ್ಲಿ ಓಡಾಡುವ ಊರಿನಲ್ಲೇ ಹುಟ್ಟಿದ ಗಾಜು ಮರೋಳದ ಅಟ್ಟದಲ್ಲಿ ನಲವತ್ತು ವರ್ಷ ಮಲಗಿತ್ತು.

ಕಾಕಾ ಅದನ್ನು ಕೊಂಡದ್ದು ಎಪ್ಪತ್ತರ ದಶಕದ ಕೊನೆಗೆ, ಬಾದಾಮಿ ಬನಶಂಕರಿ ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಅಲ್ಲಿ ವಾರಗಟ್ಟಲೆ ನಾಟಕ ಕಂಪನಿಗಳು ಟೆಂಟು ಹೊಡೆದು ಆಡುತ್ತವೆ. ನಷ್ಟಕ್ಕೆ ಬಿದ್ದ ಒಂದು ಕಂಪನಿ ಸಾಮಾನು ಮಾರಿ ಊರಿಗೆ ಹೋಗುವಾಗ ಇದು ಕಾಕಾನ ಪಾಲಿಗೆ ಬಂತು. ಕೊಂಡಾಗಲೇ ಅದು ಹಳೆಯದು. ಸ್ವಿಚ್ ಹಾಕಿದರೆ ಅರ್ಧ ನಿಮಿಷ ಸುಮ್ಮನೆ ಇರುತ್ತಿತ್ತು, ವಾಲ್ವು ಕಾಯಬೇಕಲ್ಲ. ಆಮೇಲೆ ಹಾರ್ನಿನಿಂದ ಗುಂಯ್ ಎಂದು ಒಂದು ಸದ್ದು ಏಳುತ್ತಿತ್ತು. ಅದಾದ ಮೇಲೆ ಮಾತು. ಎಂಟು ಹತ್ತು ವರ್ಷ ಹೀಗೆ ದುಡಿದ ಮೇಲೆ ಟ್ರಾನ್ಸಿಸ್ಟರಿನ ಹಗುರ ಸೆಟ್ಟುಗಳು ಬಂದವು. ಅವು 12 ವೋಲ್ಟಿನ ಬ್ಯಾಟರಿಯ ಮೇಲೂ ನಡೆಯುತ್ತಿದ್ದವು. ಕರೆಂಟು ಕೈಕೊಡುವ ಹಳ್ಳಿಯಲ್ಲಿ ಅದಕ್ಕಿಂತ ದೊಡ್ಡ ಗುಣ ಇನ್ನೇನು? ಹಳೆಯದು ಅಟ್ಟ ಹತ್ತಿತು.

ಎರಡು ವರ್ಷದ ಹಿಂದೆ ಯುಗಾದಿಗೆ ಹೋದಾಗ ಕಾಕಾ, ನಾನು ಸೇರಿ ಅದನ್ನು ಕೆಳಗಿಳಿಸಿದೆವು. ನನ್ನ ಉಮೇದು ನೋಡಿ ಕಾಕಾ, ‘ಒಮ್ಮೆಲೇ ಸ್ವಿಚ್ ಹಾಕಬ್ಯಾಡ ತಮ್ಮಾ. ಇಷ್ಟು ವರ್ಸ ಮಲಗಿದ್ದನ್ನ ಒದ್ದು ಎಬ್ಬಿಸಬಾರ್ದು’ ಎಂದ. ಹೋಲ್ಡರಿಗೆ ಒಂದು ನೂರು ವ್ಯಾಟಿನ ಹಳೆಯ ಬಲ್ಬು ಹಾಕಿ, ಅದನ್ನು ಸೀರಿಸ್‌ನಲ್ಲಿ ಜೋಡಿಸಿದ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ತಿಳಿಸುತ್ತದೆ, ಟ್ರಾನ್ಸ್‌ಫಾರ್ಮರು ಉಳಿಯುತ್ತದೆ. ಹಾರ್ನು ಜೋಡಿಸದೆ ಸ್ವಿಚ್ ಹಾಕಬಾರದು, ಹಾಕಿದರೆ ಕೊನೆಯ ಟ್ರಾನ್ಸ್‌ಫಾರ್ಮರು ಸುಟ್ಟೀತು. ಒಳಗೆ ನಾಲ್ಕು ನೂರು ವೋಲ್ಟಿನವರೆಗೂ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಶಾಕ್ ಕಾದು ಕೂತಿರುತ್ತದೆ, ಆದ್ದರಿಂದ ಒಂದು ಕೈ ಬೆನ್ನ ಹಿಂದೆ. ಬೆಂಗಳೂರಿನ ಗೆಳೆಯರು ಪುಸ್ತಕ ಓದಿ ಕಲಿತದ್ದನ್ನು ಏಳನೇ ಇಯತ್ತೆ ಓದಿದ ಕಾಕಾ ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ.

ಬಲ್ಬು ಮಂದವಾಗಿ ಉರಿಯಿತು. ವಾಲ್ವುಗಳು ಕಿತ್ತಳೆ ಬಣ್ಣಕ್ಕೆ ಬಂದವು. ಗುಂಯ್ ಎಂದಿತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತುಹೋಯಿತು. ಚಿಗವ್ವ ಹೊಸ್ತಿಲಿಗೆ ಬಂದಳು. ಕೈಯಲ್ಲಿ ಹಿಟ್ಟು. ‘ಅದನ್ನ ಮನಿಯೊಳಗ ಹಚ್ಚಬ್ಯಾಡೋ’ ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಕಾ ಏನೂ ಹೇಳದೆ ಪ್ಲಗ್ ಕಿತ್ತ.

ಅವತ್ತು ರಾತ್ರಿ ಅಂಗಳದಲ್ಲಿ ಮಲಗಿದಾಗ ಕಾಕಾನೇ ಬಾಯಿಬಿಟ್ಟ. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಅದರ ಹಿನ್ನೀರಿಗೆ ಸಿಕ್ಕ ಹೊಳೆದಂಡೆಯ ಊರುಗಳಲ್ಲಿ ಒಂದು ಚಿಗವ್ವನ ತವರು. ಕೂಡಲಸಂಗಮದಲ್ಲಿ ಐಕ್ಯಮಂಟಪಕ್ಕೆ ಸುತ್ತ ಗೋಡೆ ಕಟ್ಟಿ ಉಳಿಸಿಕೊಂಡರು. ಎಲ್ಲ ಮನೆಗೂ ಗೋಡೆ ಕಟ್ಟುವವರು ಯಾರು? ಊರು ಬಿಡಬೇಕಾದ ದಿನಗಳು ಹತ್ತಿರ ಬಂದಾಗ ಡಂಗುರ ಸಾರಲು ಮೈಕ್ ಸೆಟ್ಟು ಬೇಕಾಯಿತು. ಸುತ್ತಲಿನಲ್ಲಿ ಸೆಟ್ಟು ಇದ್ದದ್ದು ಕಾಕಾನ ಹತ್ತಿರ. ದಿನದ ಬಾಡಿಗೆ ಮಾತಾಡಿ ಕರೆದೊಯ್ದರು. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಡಬ್ಬಿ ಇಟ್ಟು, ಬೇವಿನ ಗಿಡಕ್ಕೆ ಹಾರ್ನು ಕಟ್ಟಿ, ಅವರು ಕೊಟ್ಟ ಚೀಟಿ ಓದಬೇಕು: ಸರ್ವೆ ನಂಬರು, ಖಾತೆದಾರನ ಹೆಸರು, ಖಾಲಿ ಮಾಡುವ ದಿನ. ಆ ಯಾದಿಯಲ್ಲಿ ಅವನ ಮಾವನ ಹೆಸರೂ ಇತ್ತು. ಚಿಗವ್ವ ಚೊಚ್ಚಲ ಬಾಣಂತನಕ್ಕೆ ಆಗ ತವರಿನಲ್ಲೇ ಇದ್ದಳು.

‘ನಾ ಒಲ್ಲೆ ಅಂದಿದ್ರ ಮತ್ತೊಬ್ಬನ್ನ ಕರಸ್ತಿದ್ರು’ ಎಂದ ಕಾಕಾ. ‘ನಮ್ಮ ಮಂದಿಗೆ ನಮ್ಮ ದನಿಯಾಗ ಹೇಳೂಣು ಅನಸ್ತು. ಆಕಿಗೆ ಹಂಗ ಅನಸಲಿಲ್ಲ.’

ಮರುದಿನ ನಾನು ಚಿಗವ್ವನನ್ನು ಕೇಳಿದೆ. ಅವಳು ಕಾಕಾನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ‘ಮೊದಲ ಗುಂಯ್ ಅಂತಿತ್ತು ನೋಡು. ಅದು ಬಂತಂದ್ರ ಎಲ್ಲಾರೂ ಕೈಯಾಗಿನ ಕೆಲಸ ಬಿಟ್ಟು ನಿಂದರ್ತಿದ್ರು. ಯಾರ ಹೆಸರು ಬರ್ತೈತೋ ಅಂತ’ ಎಂದಳು. ಅಷ್ಟೇ.

ಬೆಂಗಳೂರಿಗೆ ತಂದ ಮೇಲೆ ಡಬ್ಬಿ ನೋಡಿದ ಗೆಳೆಯನೊಬ್ಬ ಒಳ್ಳೆಯ ಬೆಲೆಗೆ ಕೇಳಿದ. ಒಂದೇ ಕರಾರು, ಒಳಗಿನ ಒಂದು ಬಿಡಿಭಾಗವನ್ನೂ ಬದಲಿಸಬಾರದು. ಹಳೆಯ ಆಂಪುಗಳ ಲೋಕದಲ್ಲಿ ಇದು ದೊಡ್ಡ ಜಗಳ. ಮೂಲ ಭಾಗಗಳಲ್ಲೇ ದನಿಯ ಜೀವ ಇದೆ ಎನ್ನುವವರು ಒಂದು ಕಡೆ, ನುಡಿಸದ ವಾದ್ಯ ವಾದ್ಯವೇ ಅಲ್ಲ ಎನ್ನುವವರು ಇನ್ನೊಂದು ಕಡೆ. ಆ ಗುಂಯ್ ಸದ್ದು ಸಹ ಹಳೆಯದರ ಗುರುತು, ಇರಲಿ ಬಿಡು ಎಂದ ಗೆಳೆಯ.

ಆ ಸದ್ದು ಎಲ್ಲಿಂದ ಬರುತ್ತದೆ ಎಂಬುದು ಗುಟ್ಟೇನಲ್ಲ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ತಿರುಗುತ್ತದೆ. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ 100 ಸಲದ ಅಲೆ ಉಳಿಯುತ್ತದೆ. ಆ ಅಲೆಯನ್ನು ಸಮ ಮಾಡುವುದು ದೊಡ್ಡ ಕೆಪಾಸಿಟರುಗಳ ಕೆಲಸ. ಅವುಗಳೊಳಗಿನ ದ್ರವ ವರ್ಷಗಳು ಹೋದಂತೆ ಒಣಗುತ್ತದೆ. ಒಣಗಿದ ಮೇಲೆ ಅಲೆ ಹಾಗೆಯೇ ಸ್ಪೀಕರಿಗೆ ಬರುತ್ತದೆ. ವಿಚಿತ್ರವೆಂದರೆ, ಗಿಟಾರಿನ ದಪ್ಪ ತಂತಿಯ ಮೂರನೇ ಮನೆಯಲ್ಲಿ ಸಿಗುವ ಜಿ ಸ್ವರ 98. ಅಂದರೆ ನಮ್ಮ ದೇಶದ ಗುಂಯ್ ಹೆಚ್ಚುಕಡಿಮೆ ಒಂದು ಸ್ವರವೇ. ಕೆಲವರು ಅದಕ್ಕೆ ಶ್ರುತಿ ಹಿಡಿದು ನುಡಿಸುವುದೂ ಉಂಟು. ನನಗೆ ಅದು ಆಗಲಿಲ್ಲ. ಆ ಸ್ವರ ಬಂದಾಗಲೆಲ್ಲ ಒಂದು ಊರು ಕೈಯಲ್ಲಿನ ಕೆಲಸ ಬಿಟ್ಟು ನಿಂತ ಹಾಗೆ ಅನ್ನಿಸುತ್ತಿತ್ತು.

ಎಸ್.ಪಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಇಂಥ ಕೆಲಸ ಬಲ್ಲ ಹಿರಿಯರೊಬ್ಬರು ಸಿಕ್ಕರು. ಕೆಪಾಸಿಟರುಗಳನ್ನೆಲ್ಲ ಬದಲಿಸಿದರು. ಮೌಲ್ಯ ತಪ್ಪಿದ ರೆಸಿಸ್ಟರುಗಳನ್ನು ತೆಗೆದರು. ಎರಡು ಎಳೆಯ ಮೇನ್ಸ್ ವೈರು ಬಿಚ್ಚಿ ಅರ್ಥಿಂಗ್ ಇರುವ ಮೂರು ಎಳೆಯದನ್ನು ಹಾಕಿದರು. ಒಂದು ದೊಡ್ಡ ವಾಲ್ವಿನ ತುದಿಯಲ್ಲಿ ಕನ್ನಡಿಯಂತೆ ಹೊಳೆಯಬೇಕಿದ್ದ ಲೇಪ ಹಾಲಿನ ಹಾಗೆ ಬೆಳ್ಳಗಾಗಿತ್ತು. ಒಳಗೆ ಗಾಳಿ ಹೊಕ್ಕಿದೆ ಎಂದರ್ಥ. ಹೊಸ ವಾಲ್ವು ಈಗ ಬರುವುದು ರಷ್ಯಾ, ಚೀನಾ, ಸ್ಲೊವಾಕಿಯಾಗಳಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ರಫ್ತಿಗೆ ತಡೆ ಬಿದ್ದು, ಜಗತ್ತಿನ ಗಿಟಾರಿನವರೆಲ್ಲ ವಾಲ್ವಿಗೆ ಪರದಾಡಿದ್ದರು. ನಾನು ಸ್ಲೊವಾಕಿಯಾದ ಜೋಡಿ ತರಿಸಿದೆ. ಬಿಇಎಲ್ ವಾಲ್ವು ಸರಿಯಾಗಿಯೇ ಇತ್ತು, ಅದು ತನ್ನ ಜಾಗದಲ್ಲೇ ಉಳಿಯಿತು. ಹಾರ್ನಿನ ಬದಲು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಹನ್ನೆರಡು ಇಂಚಿನ ಸ್ಪೀಕರು ಕೂರಿಸಿದೆ. ಗೆಳೆಯ ಬೇಸರದಿಂದ ತಲೆ ಅಲ್ಲಾಡಿಸಿದ.

ಹೋದ ಶ್ರಾವಣದಲ್ಲಿ ಅದನ್ನು ಕಾರಿನಲ್ಲಿ ಹಾಕಿಕೊಂಡು ಮರೋಳಕ್ಕೆ ಹೋದೆ. ಈಗ ಮರೋಳ ಎಂದರೆ ಹೊರಗಿನವರಿಗೆ ನೆನಪಾಗುವುದು ಹನಿ ನೀರಾವರಿ. ಅದೇ ನಾರಾಯಣಪುರದ ಹಿನ್ನೀರನ್ನು ಎತ್ತಿ, ಹುನಗುಂದ ಸೀಮೆಯ 24,000 ಹೆಕ್ಟೇರಿಗೆ ಕೊಳವೆಯಲ್ಲಿ ಹನಿಹನಿಯಾಗಿ ಹಂಚುವ ಯೋಜನೆ. ನಮ್ಮ ಹೊಲದ ಬದುವಿನಲ್ಲೂ ಆ ಕಪ್ಪು ಪೈಪುಗಳಿವೆ. ಚಿಗವ್ವ ಅವುಗಳ ಬಾಯಿಗೆ ಕೈಯೊಡ್ಡಿ ನೀರು ಕುಡಿದದ್ದನ್ನು ನೋಡಿದ್ದೇನೆ. ತವರಿನ ನೀರು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪಡಸಾಲೆಯಲ್ಲಿ ಡಬ್ಬಿ ಇಟ್ಟು ಮೊದಲು ಅವಳ ಅಪ್ಪಣೆ ಕೇಳಿದೆ. ‘ಗುಂಯ್ ಅಂದ್ರ ಬಂದ್ ಮಾಡ್ತಿ?’ ಎಂದಳು. ಮಾಡ್ತೀನಿ ಎಂದೆ. ಕಾಕಾ ಸ್ವಿಚ್ ಹಾಕಿದ. ವಾಲ್ವು ಕಾಯುವ ಆ ಅರ್ಧ ನಿಮಿಷ ಮೂವರೂ ಉಸಿರು ಹಿಡಿದಿದ್ದೆವು. ಏನೂ ಬರಲಿಲ್ಲ. ಕೆಟ್ಟಿತೇನೋ ಎಂದು ಕಾಕಾ ಡಬ್ಬಿಗೆ ಕಿವಿ ಹಚ್ಚಿದ. ನಾನು ತಂತಿ ಮೀಟಿದೆ. ಭಜನೆಯಲ್ಲಿ ಎಲ್ಲರೂ ಹಾಡುವ ಒಂದು ತತ್ವಪದದ ಧಾಟಿ. ಚಿಗವ್ವ ಅಡುಗೆಮನೆಗೆ ಎದ್ದುಹೋದಳು. ಬಾಗಿಲು ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಅದು ನನ್ನ ತಾಳಕ್ಕೆ ಕೂಡಲಿಲ್ಲ, ನಾನೇ ಅದಕ್ಕೆ ಕೂಡಿಸಿಕೊಂಡು ನುಡಿಸಿದೆ.

ಡಬ್ಬಿಯಿಂದ ತೆಗೆದ ಹಳೆಯ ಕೆಪಾಸಿಟರುಗಳನ್ನು ನಾನು ಕಾಗದದಲ್ಲಿ ಕಟ್ಟಿ ತಂದಿದ್ದೆ. ಕಾಕಾ ಅವನ್ನು ಒಂದೊಂದಾಗಿ ಎತ್ತಿ, ತೂಕ ನೋಡುವವನ ಹಾಗೆ ಅಂಗೈಯಲ್ಲಿ ಹಿಡಿದು ನೋಡಿದ. ಆಮೇಲೆ ಪೊಟ್ಟಣ ಕಟ್ಟಿ ತನ್ನ ಟ್ರಂಕಿನೊಳಗೆ, ಹೊಲದ ಕಾಗದಪತ್ರಗಳ ಅಡಿಗೆ ಇಟ್ಟ. ಹೊಸವು ಎಷ್ಟು ವರ್ಷ ಬಾಳುತ್ತವೆ ಎಂದು ಕೇಳಿದ. ಹದಿನೈದು ಇಪ್ಪತ್ತು ವರ್ಷ ಎಂದೆ. ‘ಹಂಗಾರ ಮುಂದಿನ ಸಲ ನೀನ ಬದಲಿಸಬೇಕು’ ಎಂದು, ಬೆಸುಗೆ ಹಾಕುವ ತನ್ನ ಹಳೆಯ ಕಾವಿಯನ್ನು ತಂದು ನನ್ನ ಗಿಟಾರಿನ ಚೀಲದೊಳಗೆ ಹಾಕಿದ.