ಬೊಂಬೆಮನೆಗೆ ಒಂದು ಬೀಸುವ ಕಲ್ಲು

ದಸರೆಯಲ್ಲಿ ಬೊಂಬೆ ಕೂರಿಸುವುದನ್ನು ಕಂಡವರಿಗೆ ಸಿಮ್ಸ್ ಎಂಬ ಕಂಪ್ಯೂಟರ್ ಆಟವನ್ನು ವಿವರಿಸುವುದು ಕಷ್ಟವಲ್ಲ. ಅದರಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಮನೆ ಕಟ್ಟಬೇಕು, ಮನೆಮಂದಿಯನ್ನು ಸೃಷ್ಟಿಸಬೇಕು, ಅವರ ಹಸಿವು, ನಿದ್ರೆ, ಸ್ನೇಹ, ಮುನಿಸುಗಳನ್ನು ನೋಡಿಕೊಳ್ಳಬೇಕು. ಅಮೆರಿಕದ ವಿಲ್ ರೈಟ್ ಅವರು 1991ರ ಓಕ್‌ಲ್ಯಾಂಡ್ ಬೆಂಕಿ ಅನಾಹುತದಲ್ಲಿ ಮನೆ ಕಳೆದುಕೊಂಡರು; ಮತ್ತೆ ಸಂಸಾರ ಹೂಡುವಾಗ ಹುಟ್ಟಿದ ಯೋಚನೆಗಳು ಇದಕ್ಕೆ ಬೀಜವಾದವಂತೆ. ಮೊದಲ ಆಟ ಹೊರಬಂದದ್ದು 2000ದಲ್ಲಿ, ನಾಲ್ಕನೆಯದು 2014ರಲ್ಲಿ.

ಪಟ್ಟದ ಬೊಂಬೆಗಳ ಪಕ್ಕದಲ್ಲಿ ಪ್ರತಿ ಮನೆಯೂ ತನ್ನದೊಂದು ಬೊಂಬೆಯನ್ನು ಸೇರಿಸುವಂತೆ, ಈ ಆಟದವರೂ ಕಂಪನಿ ಕೊಡದ ಉಡುಗೆ, ಪಾತ್ರೆ, ಪೀಠೋಪಕರಣಗಳನ್ನು ತಾವೇ ತಯಾರಿಸಿ ಸೇರಿಸುತ್ತಾರೆ. ಯೂರೋಪಿನ ಮಧ್ಯಯುಗದ ಕೋಟೆಗಳು, ಮಾಂತ್ರಿಕರ ನಿಲುವಂಗಿಗಳು ಬೇಕಾದಷ್ಟಿವೆ. ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಮೊಮ್ಮಗಳು, “ನಮ್ಮ ಕಡೆಯದು ಹುಡುಕಿದೆ, ಸಿಗಲಿಲ್ಲ ತಾತ” ಎಂದು ನೊಳಂಬರ ಕಾಲದ ಮನೆಯೊಂದನ್ನು ಕಟ್ಟಲು ಹೊರಟಳು. ಚರಿತ್ರೆ ಪಾಠ ಹೇಳಿದವರೆಂದು ನಮ್ಮನ್ನು ಸಲಹೆಗಾರರನ್ನಾಗಿ ನೇಮಿಸಿಕೊಂಡಳು, ಸಂಬಳವಿಲ್ಲ.

ನೊಳಂಬರ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಕಂಬದೂರಿಗೆ ಬಹಳ ದೂರವೇನಲ್ಲ. ಅಲ್ಲಿಯ ಕಂಬಗಳು ಚೋಳರ ವಿಜಯದೊಡನೆ ತಿರುವಯ್ಯಾರಿನವರೆಗೂ ಪ್ರಯಾಣ ಮಾಡಿವೆ. ಶಿಲ್ಪಗಳು ಮದರಾಸಿನ ವಸ್ತುಸಂಗ್ರಹಾಲಯ ಸೇರಿವೆ. ಅರಸರ ಬಿರುದು, ದಾನ ಕೊಟ್ಟ ಭೂಮಿ, ದಾನ ಕೆಡಿಸಿದವನಿಗೆ ಶಾಪ, ಇವೆಲ್ಲ ಕನ್ನಡ ಶಾಸನಗಳಲ್ಲಿ ದೊರೆಯುತ್ತವೆ. ಮೊಮ್ಮಗಳು ಕೇಳಿದ್ದು ಬೇರೆ: ಅಡಿಗೆಮನೆಯಲ್ಲಿ ಏನಿತ್ತು? ನಾವು ಪಾಠ ಹೇಳಿದಷ್ಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ, ಯಾವ ಪ್ರಶ್ನೆಪತ್ರಿಕೆಯೂ ಇದನ್ನು ಕೇಳಿರಲಿಲ್ಲ.

ಅವಳ ಮೊದಲ ಅಡಿಗೆಮನೆಯಲ್ಲಿ ಒಣಮೆಣಸಿನಕಾಯಿಯ ಸರ ತೂಗುತ್ತಿತ್ತು. ಮೂಲೆಯಲ್ಲಿ ಕಡಲೆಕಾಯಿಯ ಮೂಟೆ. ಎರಡನ್ನೂ ತೆಗೆಸಿದೆವು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳೆಲ್ಲ ಅಮೆರಿಕ ಖಂಡದವು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದಿಳಿದ ಮೇಲಷ್ಟೇ ನಮ್ಮಲ್ಲಿಗೆ ಬಂದವು. ನೊಳಂಬರ ಖಾರವೆಂದರೆ ಕರಿಮೆಣಸು, ಹಿಪ್ಪಲಿ. ಕಡಲೆಕಾಯಿಯೂ ಆ ಖಂಡದ್ದೇ. ಅನಂತಪುರ ಸೀಮೆಯ ಬದುಕು ನಿಂತಿರುವ ಬೆಳೆ ನಮ್ಮದಲ್ಲವೆಂದರೆ ನೆರೆಯ ರೈತರು ಇಂದಿಗೂ ನಂಬರು! ರಾಗಿ, ನವಣೆ, ಹುರುಳಿ, ಎಳ್ಳುಗಳನ್ನು ಉಳಿಸಿದೆವು.

ಉಡುಗೆಯ ಆಕಾರ ಶಿಲ್ಪದಲ್ಲಿದೆ, ಬಣ್ಣವಿಲ್ಲ. ಬಣ್ಣಕ್ಕಾಗಿ ಅವಳು ಲೇಪಾಕ್ಷಿಯ ಮಾಳಿಗೆಯ ಚಿತ್ರಗಳ ಸೀರೆಯನ್ನೇ ತಂದಳು. ಅದು ಅಚ್ಯುತರಾಯನ ಕಾಲದ್ದು. ನೊಳಂಬರಿಗೂ ಅದಕ್ಕೂ ಐದಾರು ಶತಮಾನಗಳ ಅಂತರ. ಹಾಗಾದರೆ ವಿಜಯನಗರದವರಿಗೆ ಇನ್ನೊಂದು ಮನೆ ಕಟ್ಟು ಎಂದೆವು. ಕಟ್ಟಿದಳು. ಆಟದಲ್ಲಿ ಸೀರೆ ಬಟ್ಟೆಯಂತಿರದೆ ಮೈಗಂಟಿದ ಕವಚದಂತಿರುತ್ತದೆ. ಹೆಂಗಸು ಕುಳಿತರೆ ನೆರಿಗೆಗಳು ರಬ್ಬರಿನಂತೆ ಹಿಗ್ಗುತ್ತವೆ. ಕುಲ್ಲಾಯಿ ಮಾತ್ರ ಚೆನ್ನಾಗಿ ಕೂತಿತು.

ಕಲ್ಪನೆಯನ್ನು ನಾವು ಬೇಡವೆನ್ನುವುದಿಲ್ಲ. ಲೇಪಾಕ್ಷಿಯ ಶಿಲ್ಪಿಯೇ ಭೃಂಗಿಗೆ ಮೂರು ಕಾಲು ಕೊಟ್ಟಿದ್ದಾನೆ. ಆದರೆ ಯಾರೂ ಅದನ್ನು ನೋಡಿ ವಿಜಯನಗರದವರಿಗೆ ಮೂರು ಕಾಲಿತ್ತೆಂದು ತಿಳಿಯುವುದಿಲ್ಲ. ಮೆಣಸಿನಕಾಯಿಯ ಸರವನ್ನು ಕಂಡವರು ಹಾಗಲ್ಲ, ನಂಬಿಬಿಡುತ್ತಾರೆ. ಆದ್ದರಿಂದ ಹಂಚುವ ಪ್ರತಿಯೊಂದು ವಸ್ತುವಿನ ಜೊತೆಗೆ, ಇದಕ್ಕೆ ಆಧಾರವಿದೆ ಅಥವಾ ಇದು ಊಹೆ ಎಂದು ಬರೆಯಬೇಕೆಂದು ಷರತ್ತು ಹಾಕಿದೆವು. “ಯಾರೂ ಓದುವುದಿಲ್ಲ ತಾತ” ಎಂದಳು. ಆದರೂ ಬರೆದಳು.

ಆಟದ ಜನರು ಆಡುವುದು ಸಿಮ್ಲಿಶ್ ಎಂಬ ಅರ್ಥವಿಲ್ಲದ ನುಡಿ. ಚಿತ್ರವಾಗಿ ಮಾತ್ರ ಯಾವ ಅಕ್ಷರವನ್ನಾದರೂ ಕಲ್ಲಿಗೆ ಅಂಟಿಸಬಹುದು. ಕನ್ನಡವನ್ನು ಕೂಡಿಸಿಕೊಂಡು ಓದುವ ಹುಡುಗಿ, ಅಂಗಳದ ಕಲ್ಲಿಗಾಗಿ “ಸ್ವಸ್ತಿ ಶ್ರೀ” ಎಂಬುದನ್ನು ಹಳಗನ್ನಡ ಲಿಪಿಯಲ್ಲಿ ನಮ್ಮಿಂದ ನಾಲ್ಕು ಸಲ ಬರೆಸಿಕೊಂಡಳು.

ಈಗ ಬೀಸುವ ಕಲ್ಲಿನ ಕೆಲಸ ನಡೆದಿದೆ. ಕಲ್ಲು ಸಿದ್ಧವಾಗಿದೆ, ಬೀಸುವುದು ಆಟದವರಿಗೆ ಬಾರದು. ಆ ಚಲನೆಯನ್ನೂ ತಾನೇ ಕೂಡಿಸಬೇಕಂತೆ. ಕಳೆದ ವಾರ ಅವಳ ಅಜ್ಜಿ ಹಿತ್ತಲಿನ ಕಲ್ಲನ್ನು ತೊಳೆಸಿ, ಒಂದು ಕಾಲು ಚಾಚಿ ಕುಳಿತು, ಒಂದು ಸೇರು ರಾಗಿ ಬೀಸಿದರು; ಮೊಮ್ಮಗಳು ಮೊಬೈಲಿನಲ್ಲಿ ಚಿತ್ರಿಸಿಕೊಂಡಳು. ಗೂಟ ಯಾವ ಕೈಯಲ್ಲಿ, ಕಾಳು ಹಾಕುವುದು ಎಷ್ಟು ಸುತ್ತಿಗೊಮ್ಮೆ ಎಂದು ನಿನ್ನೆ ರಾತ್ರಿ ಮತ್ತೆ ಫೋನು ಮಾಡಿ ಕೇಳಿದಳು.