ನ್ಯೂಯಾರ್ಕಿನ ಓಣಿ ತೋಟದಲ್ಲಿ ನಾಲ್ಕು ತಿಂಗಳು

ಮಕ್ಕಳು ಪರದೇಶದಲ್ಲಿ ನೌಕರಿ ಹಿಡಿದ ಮೇಲೆ ನಮ್ಮ ಅಡತಿ ಪೇಠೆಯ ಹಿರಿಯರಿಗೂ ವಿಮಾನವೇರುವ ಯೋಗ ಬಂದಿದೆ. ಹೋಗಿ ಬಂದವರು ಹೇಳುವುದು ಎರಡೇ ಮಾತು: ಊರು ಬಹಳ ಚೆಂದ, ಹೊತ್ತು ಮಾತ್ರ ಹೋಗುವುದಿಲ್ಲ. 2023ರ ಜುಲೈಯಿಂದ ಅಕ್ಟೋಬರ್‌ವರೆಗೆ ನಾನು ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಮಗನ ಮನೆಯಲ್ಲಿದ್ದೆ. ರವಿವಾರ ಎಲ್ಮ್‌ಹರ್ಸ್ಟಿನ ಜೈನ ಮಂದಿರದ ದರ್ಶನವಾಗುತ್ತಿತ್ತು. ಉಳಿದ ದಿನಗಳ ಗತಿ ಏನು? "ಮಾವಾರ, ಮೂಲಿಮ್ಯಾಲ ಒಂದು ತೋಟ ಐತ್ರಿ, ಯಾರು ಬೇಕಾದವರು ಹೋಗಿ ಕೆಲಸಾ ಮಾಡಬಹುದಂತ," ಎಂದು ಸೊಸೆಯೇ ಒಂದು ದಿನ ಕರೆದುಕೊಂಡು ಹೋದಳು.

ಎರಡು ಕಟ್ಟಡಗಳ ನಡುವೆ ಒಂದು ಮನೆ ಕಟ್ಟುವಷ್ಟು ಜಾಗ, ಸುತ್ತ ತಂತಿ ಬೇಲಿ, ಒಳಗೆ ಹಲಗೆಯ ಪೆಟ್ಟಿಗೆಗಳಲ್ಲಿ ಟೊಮ್ಯಾಟೊ, ಮೆಣಸಿನಕಾಯಿ, ಬೀನ್ಸ್. ಒಡೆಯನೆಂಬವನಿಲ್ಲ. ಜಾಗ ನಗರಸಭೆಯದು, ದುಡಿಮೆ ಓಣಿಯ ಜನರದು. ಅಂಥ ಊರಿನಲ್ಲಿ ಇಷ್ಟು ಜಾಗದ ಬೆಲೆ ಎಷ್ಟಾದೀತೆಂದು ವ್ಯಾಪಾರಿಯ ಮನಸ್ಸು ಮೊದಲು ಲೆಕ್ಕ ಹಾಕಿತು. ಅದು ಇನ್ನೂ ಮಾರಾಟವಾಗದೆ ಹೇಗೆ ಉಳಿಯಿತು ಎಂಬುದೇ ನನಗೆ ದೊಡ್ಡ ಸೋಜಿಗ.

ಅದರ ಕಥೆ ಹೀಗಿದೆ. 1970ರ ದಶಕದಲ್ಲಿ ನ್ಯೂಯಾರ್ಕ್ ನಗರಸಭೆ ದಿವಾಳಿಯ ಅಂಚಿಗೆ ಬಂದಿತ್ತು. ಬಡ ಓಣಿಗಳಲ್ಲಿ ಮನೆಗಳು ಸುಟ್ಟು, ಕೆಡವಲ್ಪಟ್ಟು, ಖಾಲಿ ಜಾಗಗಳೆಲ್ಲ ಕಸದ ತಿಪ್ಪೆಯಾದವು. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಮಹಿಳೆ ಮತ್ತು ಅವಳ ಸಂಗಡಿಗರು ಮ್ಯಾನ್‌ಹಟನ್ನಿನ ಬೋವರಿ ಮತ್ತು ಹ್ಯೂಸ್ಟನ್ ರಸ್ತೆಗಳು ಕೂಡುವಲ್ಲಿ ಇಂಥದೊಂದು ತಿಪ್ಪೆಯನ್ನು ಹಸನುಮಾಡಿ ತೋಟ ಹಾಕಿದರು. ಮರುವರ್ಷ ನಗರಸಭೆ ಅದನ್ನು ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಕೊಟ್ಟಿತು. ನೋಡನೋಡುತ್ತ ಇಂಥ ತೋಟಗಳು ನೂರಾರಾದವು. 1978ರಲ್ಲಿ ನಗರಸಭೆಯೇ 'ಗ್ರೀನ್‌ಥಂಬ್' ಎಂಬ ವಿಭಾಗ ತೆರೆದು ಹಲಗೆ, ಮಣ್ಣು ಕೊಡತೊಡಗಿತು.

ಆದರೆ ಓಣಿ ಸುಧಾರಿಸಿದಂತೆ ಜಾಗದ ಬೆಲೆಯೂ ಏರಿತಲ್ಲ! 1999ರಲ್ಲಿ ಮೇಯರ್ ಜುಲಿಯಾನಿಯವರ ಆಡಳಿತ 114 ತೋಟಗಳನ್ನು ಹರಾಜಿಗಿಟ್ಟಿತು. ಜನ ಬೀದಿಗಿಳಿದರು, ಕೋರ್ಟಿಗೂ ಹೋದರು. ಹರಾಜಿನ ಹಿಂದಿನ ದಿನ ಎರಡು ಧರ್ಮಾರ್ಥ ಸಂಸ್ಥೆಗಳು ಸುಮಾರು 42 ಲಕ್ಷ ಡಾಲರ್ ಕೊಟ್ಟು ಅಷ್ಟನ್ನೂ ಬಿಡಿಸಿಕೊಂಡವು. ಅವುಗಳಲ್ಲಿ ಒಂದನ್ನು ಸ್ಥಾಪಿಸಿದವಳು ಬೆಟ್ ಮಿಡ್ಲರ್ ಎಂಬ ನಟಿ. ಈಗ ಗ್ರೀನ್‌ಥಂಬ್ ಕೆಳಗೆ 550ಕ್ಕೂ ಹೆಚ್ಚು ತೋಟಗಳಿವೆ. ಲಿಜ್ ಕ್ರಿಸ್ಟಿ 1985ರಲ್ಲಿ ತೀರಿಕೊಂಡಳು, ಮೊದಲ ತೋಟಕ್ಕೆ ಅವಳದೇ ಹೆಸರಿದೆ. ಒಂದು ಶನಿವಾರ ಹೋಗಿ ನೋಡಿ ಬಂದೆ. ಪುಟ್ಟ ಕೊಳ, ಅದರಲ್ಲಿ ಆಮೆಗಳು, ಬೇಲಿಯಾಚೆ ಎಡೆಬಿಡದ ಮೋಟಾರುಗಳು.

ಇನ್ನು ನಮ್ಮ ಓಣಿಯ ತೋಟಕ್ಕೆ ಬರೋಣ. ಉಸ್ತುವಾರಿಯ ಮುದುಕಿ ನನ್ನ ಕೈಗೆ ಸಲಿಕೆ ಕೊಡಲು ಬಂದಳು. ನೆಲ ಅಗೆಯುವುದು, ಬಟಾಟೆ ಗಜ್ಜರಿ ಕೀಳುವುದು ನನ್ನಿಂದಾಗದು, ಮಣ್ಣಿನ ಜೀವಗಳ ವಿಷಯದಲ್ಲಿ ನಮ್ಮ ನೇಮವಿದೆ ಎಂದು ಸೊಸೆ ತಿಳಿಸಿ ಹೇಳಿದಳು. ಮುದುಕಿ ನಗಲಿಲ್ಲ, ವಾದಕ್ಕೂ ಇಳಿಯಲಿಲ್ಲ. ನೀರುಣಿಸುವುದು, ದಾರಿ ಗುಡಿಸುವುದು, ಬಳ್ಳಿಗೆ ಕೋಲು ಕಟ್ಟುವುದು ನನ್ನ ಪಾಲಿಗೆ ಬಂದವು. ನೀರು ಬರುವುದು ರಸ್ತೆಯ ಅಗ್ನಿಶಾಮಕ ನಳದಿಂದ, ಪರವಾನಿಗೆ ಪಡೆದು ಅದಕ್ಕೆ ಪೈಪು ಜೋಡಿಸುತ್ತಾರೆ. ಬಟ್ಟೆಯಲ್ಲಿ ಸೋಸಿದ ನೀರಿನ ನಮಗೆ ಇದೆಲ್ಲಿಯ ಲೆಕ್ಕ ಎಂದು ಕೇಳಬೇಡಿರಿ! ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿ ತಪ್ಪದು, ಸಂಕಲ್ಪೀ ಹಿಂಸೆಯನ್ನು ಮಾತ್ರ ಬಿಡಲೇಬೇಕು ಎಂದು ನಾವು ಚಿಕ್ಕಂದಿನಿಂದ ಕೇಳಿದವರು. ಹಳೆಯ ಕಟ್ಟಡಗಳ ಬಣ್ಣದ ಸೀಸ ನೆಲದಲ್ಲಿ ಸೇರಿರುವುದರಿಂದ ಅಲ್ಲಿ ಪೆಟ್ಟಿಗೆಗೆ ಬೇರೆ ಮಣ್ಣು ತುಂಬಿ ಬೆಳೆಯುತ್ತಾರೆ. ಹೀಗಾಗಿ ಅಗೆತವೂ ಕಡಿಮೆ.

ನಿಜವಾದ ಪೇಚು ಬಂದದ್ದು ಆಗಸ್ಟಿನಲ್ಲಿ. ಗೊಬ್ಬರದ ಪೆಟ್ಟಿಗೆಗೆ ಇಲಿ ಬಿದ್ದವು. ತೋಟದ ಸಭೆ ಕೂಡಿತು. ವಿಷ ಇಡೋಣವೆಂದು ಅರ್ಧಕ್ಕೂ ಹೆಚ್ಚು ಜನ. ವಿಷ ಇಟ್ಟರೆ ನಾನು ಮರುದಿನದಿಂದ ಬರುವಂತಿರಲಿಲ್ಲ. ಆದರೆ ನಾಲ್ಕು ತಿಂಗಳ ಅತಿಥಿ ನಾನು, ಅವರ ತೋಟಕ್ಕೆ ನನ್ನ ಧರ್ಮದ ಮಾತು ಹೇರಲಾದೀತೇ? ಧರ್ಮದ ಮಾತು ಬಿಟ್ಟು ಧಂದೆಯ ಮಾತನ್ನೇ ಆಡಿದೆ. ನಲವತ್ತು ವರ್ಷ ಜೋಳ, ತೊಗರಿಯ ಗೋದಾಮು ನಡೆಸಿದವನಿಗೆ ಇಲಿ ಹೊಸದೇ? "ವಿಷಾ ಹಾಕಿದ್ರ ನಾಕ್ ಸಾಯ್ತಾವ. ತಿನ್ನಾಕ ಬಿದ್ದಿತ್ತಂದ್ರ ಮತ್ತ ಎಂಟು ಬರ್ತಾವ. ಮೊದಲ ಪೆಟಗಿ ಬಾಯಿ ಮುಚ್ಚರಿ," ಎಂದೆ. ಸೊಸೆ ಅದನ್ನು ಇಂಗ್ಲಿಷಿಗೆ ತಿರುಗಿಸುವ ಹೊತ್ತಿಗೆ ಪೋರ್ಟೊ ರಿಕೊ ಮೂಲದ ಹಿರಿಯರೊಬ್ಬರು ತಲೆಯಾಡಿಸತೊಡಗಿದ್ದರು. ಎರಡು ಶನಿವಾರ ಕೂಡಿ ದುಡಿದೆವು. ಪೆಟ್ಟಿಗೆಯ ತಳ, ಪಕ್ಕಗಳಿಗೆ ಕಾಲು ಇಂಚು ಕಣ್ಣಿನ ತಂತಿ ಜಾಳಿಗೆ ಬಡಿದು, ಬಿಗಿ ಮುಚ್ಚಳ ಹಾಕಿ, ಬೇಯಿಸಿದ ಅನ್ನ, ರೊಟ್ಟಿ ಹಾಕಕೂಡದೆಂದು ಫಲಕ ತೂಗುಹಾಕಿದೆವು. ಇಲಿ ಪೂರ್ತಿ ಹೋದವೆಂದು ಹೇಳಲಾರೆ. ಆದರೆ ವಿಷದ ಮಾತು ನಿಂತಿತು.

ನಾನು ಊರಿಗೆ ಮರಳಿದ ಮೇಲೆ, 2024ರ ಫೆಬ್ರುವರಿಯಲ್ಲಿ, ಆ ನಗರದ ಫ್ಲಾಕೊ ಎಂಬ ಹೆಸರಾಂತ ಗೂಬೆ ಸತ್ತಿತು. ಒಂದು ವರ್ಷದ ಹಿಂದೆ ಪ್ರಾಣಿಸಂಗ್ರಹಾಲಯದಿಂದ ಪಾರಾಗಿ ಹೊರಗೆ ಬದುಕಿದ್ದ ಹಕ್ಕಿ. ಪರೀಕ್ಷೆಯಲ್ಲಿ ಪಾರಿವಾಳದಿಂದ ತಗಲುವ ರೋಗದ ಜೊತೆಗೆ ಇಲಿಪಾಷಾಣವೂ ಅದರ ಮೈಯಲ್ಲಿ ಕಂಡಿತು. ಅದೇ ವರ್ಷ ಅಲ್ಲಿನ ನಗರ ಪರಿಷತ್ತು ಇಲಿಗಳಿಗೆ ಸಂತಾನ ತಡೆಯುವ ಔಷಧಿ ಕೊಟ್ಟು ನೋಡುವ ಕಾಯ್ದೆ ಮಾಡಿತು.

ಹೋಗಬೇಕೆನ್ನುವವರಿಗೆ ಎರಡು ಮಾತು. ಏಪ್ರಿಲ್‌ದಿಂದ ಅಕ್ಟೋಬರ್‌ವರೆಗೆ ಈ ತೋಟಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ವೇಳೆಯನ್ನು ಗೇಟಿನ ಮೇಲೆ ಬರೆದಿರುತ್ತಾರೆ. ನೇರ ಹೋಗಿ ಕೇಳಿರಿ. ಊರಿನಿಂದ ಬಿತ್ತುವ ಬೀಜ ಒಯ್ಯಬೇಡಿರಿ. ಕಾಗದಪತ್ರವಿಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ನಾನು ಜ್ಯಾಕ್ಸನ್ ಹೈಟ್ಸಿನ ಕಿರಾಣಿ ಅಂಗಡಿಯಿಂದ ಅಡುಗೆಯ ಮೆಂತೆಕಾಳನ್ನೇ ತಂದು ಒಂದು ಪೆಟ್ಟಿಗೆಯಲ್ಲಿ ಉದುರಿಸಿದೆ. ವಾರದೊಳಗೆ ಮೊಳಕೆ ಬಂತು. ದಶಲಕ್ಷಣ ಪರ್ವದ ಹತ್ತು ದಿನ ನಾನು ತೋಟಕ್ಕೆ ಹೋಗಲಿಲ್ಲ. ಪರ್ವ ಮುಗಿಸಿ ಹೋದಾಗ ಮೆಂತೆ ಗೇಣುದ್ದ ಬೆಳೆದಿತ್ತು. ಮುದುಕಿ ಒಂದು ಎಲೆ ಬಾಯಿಗಿಟ್ಟು ಮುಖ ಕಿವಿಚಿದಳು. ಮರುದಿನ ಸೊಸೆ ಮಾಡಿಕೊಟ್ಟ ಮೆಂತೆ ಪಲ್ಯವನ್ನು ಮಾತ್ರ ಡಬ್ಬಿ ಖಾಲಿಯಾಗುವವರೆಗೆ ತಿಂದಳು.